ಹೆಬ್ಬಾಳದಿಂದ ಮಂಡ್ಯಕ್ಕೆ: ಲೆಸ್ಲಿ ಕೋಲ್ಮನ್ ಮತ್ತು ಕಬ್ಬಿನ ಸಿಪ್ಪೆ

ನಾವು ನಾಲ್ಕು ಜನ ಬಾಶೆಟ್ಟಿಹಳ್ಳಿಯಲ್ಲಿ ರೂಮ್ ಮಾಡ್ಕೊಂಡಿದ್ದೀವಿ. ಸುತ್ತ ಫ್ಯಾಕ್ಟರಿಗಳು, ಶಿಫ್ಟ್ ಬಸ್ಸುಗಳು, ಧೂಳು. ಸಂಜೆ ಬಸ್ ಇಳಿದ ಕೂಡಲೇ ರಸ್ತೆ ಪಕ್ಕದ ಕಬ್ಬಿನ ಹಾಲಿನ ಗಾಡಿ ಹತ್ರ ನಿಲ್ಲೋದು ನಮ್ಮ ಅಭ್ಯಾಸ. ಗಾಡಿ ಹಿಂದೆ ಹಿಂಡಿದ ಸಿಪ್ಪೆ ರಾಶಿ ಬಿದ್ದಿರುತ್ತೆ. ರಾತ್ರಿ ಹಸು ಬಂದು ಒಂದಿಷ್ಟು ತಿನ್ನುತ್ತೆ, ಉಳಿದಿದ್ದು ಚರಂಡಿಗೆ ಹೋಗುತ್ತೆ. ಹೋದ ಸೆಮಿಸ್ಟರ್ ಮಿನಿ ಪ್ರಾಜೆಕ್ಟಿಗೆ ಟಾಪಿಕ್ ಸಿಗದೆ ತಲೆ ಕೆಡಿಸ್ಕೊಂಡಿದ್ದಾಗ ಈ ರಾಶಿ ಕಣ್ಣಿಗೆ ಬಿತ್ತು. ಕಬ್ಬಿನ ಸಿಪ್ಪೆಯಿಂದ ಕರೆಂಟ್ ಅಂತ ಟೈಟಲ್ ಬರೆದು ಕೊಟ್ಟೇಬಿಟ್ಟೆವು.

ಆಮೇಲೆ ಲೆಕ್ಕ ಹಾಕಿದ್ವಿ. ಆ ಗಾಡಿಯಲ್ಲಿ ದಿನಕ್ಕೆ ಹೆಚ್ಚು ಕಮ್ಮಿ 20 ಕಿಲೋ ಸಿಪ್ಪೆ ಬರುತ್ತೆ. ಒದ್ದೆ ಸಿಪ್ಪೆ ಉರಿಸಿದ್ರೆ ಕಿಲೋಗೆ ಸುಮಾರು 7.5 ಮೆಗಾಜೌಲ್ ಶಾಖ ಸಿಗುತ್ತೆ. ಒಟ್ಟು 150 ಮೆಗಾಜೌಲ್, ಅಂದ್ರೆ ಸುಮಾರು 42 ಯೂನಿಟ್ಟಿನಷ್ಟು ಶಾಖ. ಅಷ್ಟು ಚಿಕ್ಕ ಸ್ಟೀಮ್ ಎಂಜಿನ್ನಿಗೆ 5% ದಕ್ಷತೆ ಸಿಕ್ಕರೆ ಅದೇ ದೊಡ್ಡದು, ಹಾಗಾಗಿ ಕೊನೆಗೆ ಕೈಗೆ ಬರೋದು 2 ಯೂನಿಟ್. 1 ಎಚ್‌ಪಿ ಮೋಟಾರ್ ಮೂರು ಗಂಟೆ ಓಡಿದ್ರೆ ಅಷ್ಟೂ ಮುಗಿಯಿತು. ಗಾಡಿಯ ಸಿಪ್ಪೆ ಆ ಗಾಡಿಯ ಮೋಟಾರಿಗೆ ಸರಿಹೋಗುತ್ತೆ, ಅಷ್ಟೇ. ನಮ್ಮ ಗೈಡ್ ಮೇಷ್ಟ್ರು ಶೀಟ್ ನೋಡಿ ಬಾಯ್ಲರ್ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಸಿಪ್ಪೆ ಎಲ್ಲಿಂದ ಬರುತ್ತೆ, ಯಾರು ತಂದ್ಕೊಡ್ತಾರೆ, ವರ್ಷಕ್ಕೆ ಎಷ್ಟು ದಿನ ಬರುತ್ತೆ ಅಂತಷ್ಟೇ ಕೇಳಿದ್ರು. ನಮ್ಮ ಹತ್ರ ಉತ್ತರ ಇರಲಿಲ್ಲ.

ಉತ್ತರ ಹುಡುಕ್ತಾ ಹೋದಾಗ ನಮಗೆ ಸಿಕ್ಕ ಹೆಸರು ಲೆಸ್ಲಿ ಕೋಲ್ಮನ್. ಮಂಡ್ಯ ಕಡೆಯ ಹಿರಿಯರಿಗೆ, ಕೃಷಿ ಓದಿದವರಿಗೆ ಗೊತ್ತಿರೋ ಹೆಸರು. ಎಂಜಿನಿಯರಿಂಗ್ ಓದ್ತಿರೋ ನಮಗೆ ಮಾತ್ರ ಹೊಸದು. ನಾವು ಕಾಲೇಜಿಗೆ ಸೇರಿದ ಮೇಲೆ ಕನ್ನಡದಲ್ಲಿ ಇಷ್ಟುದ್ದ ಬರೀತಿರೋದು ಇದೇ ಮೊದಲು, ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ಕೋಲ್ಮನ್ ಹುಟ್ಟಿದ್ದು 1878ರಲ್ಲಿ, ಕೆನಡಾ ದೇಶದ ಒಂಟಾರಿಯೋದಲ್ಲಿ. ಟೊರಾಂಟೋ ವಿಶ್ವವಿದ್ಯಾಲಯದಲ್ಲಿ ಓದಿದರು. ಅಲ್ಲಿಂದ ಜರ್ಮನಿಯ ಗಾಟಿಂಗೆನ್‌ಗೆ ಹೋಗಿ ಡಾಕ್ಟರೇಟ್ ಪಡೆದರು. ಆಗಿನ ಕಾಲಕ್ಕೆ ಅಷ್ಟು ಓದಿದವರಿಗೆ ಯುರೋಪಿನಲ್ಲೋ ಅಮೆರಿಕದಲ್ಲೋ ಕೆಲಸಕ್ಕೆ ಬರ ಇರಲಿಲ್ಲ. ಆದ್ರೆ ಅವರು 1908ರಲ್ಲಿ ಹಡಗು ಹತ್ತಿ ಮೈಸೂರು ಸಂಸ್ಥಾನಕ್ಕೆ ಬಂದರು. ಕೆಲಸ ಏನು ಅಂದ್ರೆ ಬೆಳೆಗೆ ಬರೋ ಶಿಲೀಂಧ್ರ ರೋಗ ಮತ್ತು ಕೀಟಗಳ ಅಧ್ಯಯನ. ವಯಸ್ಸು ಆಗಿನ್ನೂ ಮೂವತ್ತು.

ಮೈಸೂರಿನಲ್ಲಿ ಕೃಷಿ ವಿಜ್ಞಾನ ಆಗತಾನೆ ಕಣ್ಣು ಬಿಡ್ತಾ ಇತ್ತು. 1899ರಲ್ಲಿ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಹೆಬ್ಬಾಳದಲ್ಲಿ 30 ಎಕರೆ ಜಮೀನನ್ನು ಪ್ರಯೋಗಕ್ಕಾಗಿ ಕೊಟ್ಟಿದ್ದರು. ಲೆಹ್ಮನ್ ಅನ್ನೋ ರಸಾಯನಶಾಸ್ತ್ರಜ್ಞರು ಅಲ್ಲಿ ಮಣ್ಣು, ಗೊಬ್ಬರದ ಕೆಲಸ ಶುರು ಮಾಡಿದ್ದರು. ನಾವು ದೊಡ್ಡಬಳ್ಳಾಪುರದ ಬಸ್ಸಿನಲ್ಲಿ ಯಲಹಂಕ ದಾಟಿ ಹೆಬ್ಬಾಳ ಫ್ಲೈಓವರ್ ಟ್ರಾಫಿಕ್ಕಲ್ಲಿ ಸಿಕ್ಕಿಹಾಕ್ಕೊಂಡು ಬೈಕೋತೀವಲ್ಲ, ಅದರ ಪಕ್ಕದಲ್ಲೇ ಇದೆಲ್ಲ ನಡೆದಿದ್ದು.

ಕೋಲ್ಮನ್ ಮುಂದೆ ಬಂದ ಮೊದಲ ದೊಡ್ಡ ಸಮಸ್ಯೆ ಮಲೆನಾಡಿನ ಅಡಿಕೆಯ ಕೊಳೆರೋಗ. ಮುಂಗಾರಿನಲ್ಲಿ ಬಿಡದೆ ಮಳೆ ಹೊಡೆದಾಗ ಎಳೆ ಅಡಿಕೆ ಕೊಳೆತು ಉದುರುತ್ತೆ. ಒಂದು ಮಳೆಗಾಲದಲ್ಲಿ ವರ್ಷದ ಬೆಳೆ ನೆಲದ ಪಾಲು. ಬೆಳೆಗಾರರು ಗೊನೆಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಪಾಡ್ತಿದ್ದರು. ಅದು ಕೆಲಸ ಮಾಡ್ತಿತ್ತು, ಆದ್ರೆ ಕೂಲಿ, ಸಾಮಗ್ರಿ ಎರಡೂ ಜಾಸ್ತಿ. ಕೋಲ್ಮನ್ ತೋಟಗಳಿಗೇ ಹೋಗಿ ಕೊಳೆತ ಕಾಯಿ ತಂದು ಮೈಕ್ರೋಸ್ಕೋಪಿನಲ್ಲಿ ನೋಡಿದರು. ಕಾರಣ ಫೈಟೋಫ್ತೋರಾ ಅನ್ನೋ ಶಿಲೀಂಧ್ರದ ಜಾತಿಯ ಜೀವಿ ಅಂತ 1910ರ ಹೊತ್ತಿಗೆ ಬರೆದು ಪ್ರಕಟಿಸಿದರು.

ಕಾರಣ ಹೇಳಿ ಕೈ ತೊಳ್ಕೊಂಡಿದ್ರೆ ಅವರು ಇನ್ನೊಬ್ಬ ವಿಜ್ಞಾನಿ ಅಷ್ಟೇ ಆಗ್ತಿದ್ರು. ಫ್ರಾನ್ಸಿನ ಬೋರ್ಡೋ ಊರಿನ ದ್ರಾಕ್ಷಿ ತೋಟಗಳಲ್ಲಿ ಮೈಲುತುತ್ತ ಮತ್ತು ಸುಣ್ಣ ಕಲಸಿ ಸಿಂಪಡಿಸ್ತಿದ್ದ ದ್ರಾವಣವನ್ನು ಅವರು ಅಡಿಕೆಗೆ ತಂದರು. ಫ್ರಾನ್ಸಿನ ಮಳೆ ಬೇರೆ, ಮಲೆನಾಡಿನ ಮಳೆ ಬೇರೆ. ಹೊಡೆದ ಔಷಧಿ ತೊಳೆದು ಹೋಗದೆ ಕಾಯಿಗೆ ಅಂಟಿಕೊಳ್ಳೋ ಹಾಗೆ ಮಾಡಬೇಕಿತ್ತು. ಐವತ್ತು ಅರವತ್ತು ಅಡಿ ಮರದ ಮೇಲೆ ಹೊಡೆಯೋಕೆ ಪಂಪ್ ಬೇಕಿತ್ತು, ಮರ ಹತ್ತೋ ಕೊನೆಗೌಡರಿಗೆ ಅದು ಒಗ್ಗಬೇಕಿತ್ತು. ಇದನ್ನೆಲ್ಲ ತೋಟದಲ್ಲೇ ಮಾಡಿ ತೋರಿಸಿದ್ದರಿಂದ ಜನ ಒಪ್ಪಿದರು. ಇವತ್ತಿಗೂ ಮುಂಗಾರು ಶುರುವಾಗೋ ಮುಂಚೆ ಮಲೆನಾಡಿನಲ್ಲಿ ಅಡಿಕೆಗೆ ಬೋರ್ಡೋ ಹೊಡೀತಾರೆ. ನಮ್ಮ ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆ ದ್ರಾಕ್ಷಿ ತೋಟದವರಿಗೂ ಈ ನೀಲಿ ದ್ರಾವಣ ಚೆನ್ನಾಗಿ ಗೊತ್ತು.

ಅದೇ ಸಮಯದಲ್ಲಿ ಬಯಲುಸೀಮೆಯ ಜೋಳಕ್ಕೆ ಒಂದು ಮಿಡತೆ ಕಾಟ ಇತ್ತು. ರೆಕ್ಕೆಯಿಲ್ಲದ, ಹಾರಲಾರದ ಮಿಡತೆ. ಕೋಲ್ಮನ್ ಅದರ ಜೀವನಚಕ್ರ ಅಧ್ಯಯನ ಮಾಡಿದರು. ಆ ಮಿಡತೆಯ ಕುಲಕ್ಕೆ ಕೋಲ್ಮೇನಿಯಾ ಅಂತಾನೇ ವೈಜ್ಞಾನಿಕ ಹೆಸರು ಬಂತು. ಜೋಳ ತಿನ್ನೋ ಹುಳಕ್ಕೆ ತಮ್ಮ ಹೆಸರು ಇಟ್ಟಿದ್ದಕ್ಕೆ ಅವರಿಗೆ ಖುಷಿ ಆಯ್ತೋ ಬೇಜಾರಾಯ್ತೋ ಅಂತ ನಾವು ರೂಮಲ್ಲಿ ಬಹಳ ಹೊತ್ತು ಚರ್ಚೆ ಮಾಡಿದ್ವಿ.

1913ರಲ್ಲಿ ಮೈಸೂರು ಸಂಸ್ಥಾನದಲ್ಲಿ ಪ್ರತ್ಯೇಕ ಕೃಷಿ ಇಲಾಖೆ ಆಯಿತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲ. ನಿರ್ದೇಶಕರ ಕುರ್ಚಿಗೆ ಕೋಲ್ಮನ್ ಬಂದರು. ಅದೇ ವರ್ಷ ಹೆಬ್ಬಾಳದಲ್ಲಿ ಕೃಷಿ ಶಾಲೆ ಶುರುವಾಯಿತು. ಹುಡುಗರು ಅಲ್ಲೇ ಉಳಿದುಕೊಂಡು ಕಲಿಯೋ ಶಾಲೆ. ಆ ಶಾಲೆಯ ನೆಲದಲ್ಲೇ 1946ರಲ್ಲಿ ಕೃಷಿ ಕಾಲೇಜು ಬಂತು, ಮುಂದೆ ಅದೇ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಬೇರು. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಫಿ ಪ್ರಯೋಗ ಕೇಂದ್ರ ತೆರೆದಾಗಲೂ ಹಿಂದೆ ನಿಂತಿದ್ದವರು ಇವರೇ. ಇವತ್ತು ಅದು ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ. ಗಮನಿಸಿ ನೋಡಿದ್ರೆ ಒಂದು ಕ್ರಮ ಕಾಣುತ್ತೆ. ಮೊದಲು ಹೊಲಕ್ಕೆ ಹೋಗು, ಸಮಸ್ಯೆ ಅಳತೆ ಮಾಡು, ರೈತನ ಕೈಗೆ ಎಟುಕೋ ಪರಿಹಾರ ಹುಡುಕು, ತಾನಿಲ್ಲದಿದ್ರೂ ಕೆಲಸ ನಡೆಯೋ ಹಾಗೆ ಒಂದು ಸಂಸ್ಥೆ ಕಟ್ಟು. ಕಬ್ಬಿನ ವಿಷಯದಲ್ಲೂ ಅವರು ಹೀಗೇ ಹೋದರು.

ಆಗ ಮೈಸೂರು ಸೀಮೆಯಲ್ಲಿ ಪಟ್ಟಾಪಟ್ಟಿ, ರಸದಾಳಿ ಅನ್ನೋ ಕಬ್ಬುಗಳಿದ್ದವು. ಜಗಿಯೋಕೆ ಚೆನ್ನ, ಬೆಲ್ಲಕ್ಕೂ ಚೆನ್ನ. ಆದ್ರೆ ದೊಡ್ಡ ಪ್ರಮಾಣದಲ್ಲಿ ಬೆಳೆದು ಮಿಲ್ಲಿಗೆ ಕೊಡೋಕೆ ಇಳುವರಿ ಸಾಲದು, ರೋಗಕ್ಕೂ ಬೇಗ ತುತ್ತು. ಕಬ್ಬಿನ ತಳಿ ಅಭಿವೃದ್ಧಿ ಸುಲಭದ ಕೆಲಸ ಅಲ್ಲ. ರೈತ ಕಬ್ಬು ನೆಡೋದು ತುಂಡಿನಿಂದ, ಹಾಗಾಗಿ ಮಗು ತಾಯಿಯ ಹಾಗೇ ಇರುತ್ತೆ. ಹೊಸ ತಳಿ ಬೇಕಂದ್ರೆ ಕಬ್ಬು ಸೂಲಂಗಿ ಬಿಡಬೇಕು, ಎರಡು ತಳಿಗಳ ಹೂ ಕೂಡಿಸಿ ಬೀಜ ತೆಗೀಬೇಕು, ಸಾವಿರಾರು ಸಸಿಗಳಲ್ಲಿ ಒಳ್ಳೇದನ್ನು ಆರಿಸಬೇಕು. ಒಂದು ತಳಿ ಹೊಲಕ್ಕೆ ಬರೋಕೆ ವರ್ಷಗಟ್ಟಲೆ ಬೇಕು. ಕೊಯಮತ್ತೂರಿನ ಕೇಂದ್ರದಲ್ಲಿ ಇದೇ ಕೆಲಸ ನಡೀತಿತ್ತು. ಕೋಲ್ಮನ್ ಇಲಾಖೆ ಹೆಬ್ಬಾಳದಲ್ಲೂ ಇದಕ್ಕೆ ಕೈ ಹಾಕಿತು. ಅಲ್ಲಿ ಹುಟ್ಟಿದ ತಳಿಗಳಿಗೆ ಹೆಬ್ಬಾಳ, ಮೈಸೂರು ಹೆಸರಿನ ಮೊದಲಕ್ಷರ ಸೇರಿಸಿ ಎಚ್.ಎಂ. ಅಂತ ಹೆಸರು. ಎಚ್.ಎಂ. 320 ಅವುಗಳಲ್ಲಿ ಹೆಸರು ಮಾಡಿದ್ದು.

ಇಷ್ಟರಲ್ಲಿ ಇನ್ನೊಂದು ಕಡೆ ಕನ್ನಂಬಾಡಿ ಕಟ್ಟೆ ಮೇಲೇಳ್ತಾ ಇತ್ತು. ಅದರ ಎಡದಂಡೆಯಿಂದ ಇರ್ವಿನ್ ನಾಲೆ ತೆಗೆದರು. ಇವತ್ತು ಅದನ್ನೇ ವಿಶ್ವೇಶ್ವರಯ್ಯ ನಾಲೆ, ವಿ.ಸಿ. ನಾಲೆ ಅಂತೀವಿ. ಹುಲಿಕೆರೆ ಹತ್ರ ಗುಡ್ಡ ಕೊರೆದು ಸುರಂಗ ಮಾಡಿ ಮಂಡ್ಯದ ಕಡೆ ನೀರು ಹರಿಸಿದರು. ಅಲ್ಲಿವರೆಗೂ ಮಂಡ್ಯ ಸುತ್ತಮುತ್ತ ಹೆಚ್ಚಿನ ಜಮೀನು ಮಳೆ ನಂಬಿದ ರಾಗಿ ಹೊಲ. ಸಿವಿಲ್ ಎಂಜಿನಿಯರುಗಳ ಕೆಲಸ ನೀರು ತಲುಪಿದಲ್ಲಿಗೆ ಮುಗೀತು. ಆ ನೀರಲ್ಲಿ ಏನು ಬೆಳೀಬೇಕು, ಬೆಳೆದಿದ್ದನ್ನ ಯಾರು ಕೊಳ್ತಾರೆ ಅನ್ನೋ ಪ್ರಶ್ನೆ ಕೃಷಿ ಇಲಾಖೆ ಪಾಲಿಗೆ ಬಂತು.

ಆ ಹೊತ್ತಿಗೆ ನಮ್ಮ ದೇಶಕ್ಕೆ ಸಕ್ಕರೆ ಜಾವಾದಿಂದ ಹಡಗುಗಟ್ಟಲೆ ಬರ್ತಿತ್ತು. 1932ರಲ್ಲಿ ದೇಶದ ಸಕ್ಕರೆ ಉದ್ಯಮಕ್ಕೆ ಸುಂಕದ ರಕ್ಷಣೆ ಕೊಡೋ ಕಾಯ್ದೆ ಬಂದ ಮೇಲೆ ಹೊಸ ಕಾರ್ಖಾನೆಗಳು ಏಳೋಕೆ ಶುರುವಾದವು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ, ಮಿರ್ಜಾ ಇಸ್ಮಾಯಿಲ್ ದಿವಾನರು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆ ಆಯಿತು. ಜನರ ಬಾಯಲ್ಲಿ ಅದು ಮೈಷುಗರ್. ಅದರ ಸ್ಥಾಪನೆಯಲ್ಲಿ ಮುಖ್ಯ ಪಾತ್ರ ಕೋಲ್ಮನ್ ಅವರದ್ದು. ಸರ್ಕಾರದ ಜೊತೆ ರೈತರೂ ಷೇರುದಾರರಾಗಿರೋ ಕಾರ್ಖಾನೆ ಅದು. ಮರುವರ್ಷ ಕಬ್ಬು ಅರೆಯೋದು ಶುರುವಾಯಿತು.

ಕಬ್ಬು ಕಡಿದ ಮೇಲೆ ಕಾಯೋ ಬೆಳೆ ಅಲ್ಲ. ದಿನ ಕಳೆದ ಹಾಗೆ ಅದರಲ್ಲಿರೋ ಸಕ್ಕರೆ ಒಡೆದು ಕಮ್ಮಿ ಆಗ್ತಾ ಹೋಗುತ್ತೆ. ಹಾಗಾಗಿ ಕಾರ್ಖಾನೆ ಹೊಲದ ಹತ್ರಾನೇ ಇರಬೇಕು, ಪ್ರತಿದಿನ ಇಷ್ಟು ಅಂತ ಕಬ್ಬು ಬರ್ತಾನೇ ಇರಬೇಕು. ಅದಕ್ಕೆ ಎಲ್ಲರೂ ಒಂದೇ ಸಲ ನಾಟಿ ಮಾಡಬಾರದು. ಅದೂ ಅಲ್ಲದೆ ಎಲ್ಲರೂ ಯಾವಾಗಲೂ ಕಬ್ಬೇ ಬೆಳೆದ್ರೆ ನಾಲೆ ನೀರು ಸಾಲಲ್ಲ, ಭೂಮಿಯೂ ಸೋಲುತ್ತೆ. ನಾಲೆಯ ಬಯಲನ್ನ ಬ್ಲಾಕುಗಳಾಗಿ ಹಂಚಿ ಕಬ್ಬು, ಭತ್ತ, ರಾಗಿಯಂಥ ಅರೆನೀರಾವರಿ ಬೆಳೆ, ಹೀಗೆ ಮೂರು ವರ್ಷದ ಸರದಿಯಲ್ಲಿ ಬೆಳೆಯೋ ಯೋಜನೆ ಇತ್ತು. ಇದನ್ನ ಓದಿದಾಗ ನಮಗೆ ಅನಿಸಿದ್ದು, ಇದು ಪಕ್ಕಾ ಸಿಸ್ಟಮ್ ಡಿಸೈನ್. ತಳಿ, ನೀರು, ರೈತ, ಸಾಗಣೆ, ಮಿಲ್, ಎಲ್ಲಾ ಒಂದೇ ಚಿತ್ರದಲ್ಲಿ.

ಈಗ ಸಿಪ್ಪೆಗೆ ಬರೋಣ. ಕೋಲ್ಮನ್ ಸಿಪ್ಪೆಯಿಂದ ವಿದ್ಯುತ್ ಮಾಡೋದನ್ನ ಕಂಡುಹಿಡಿದರು ಅಂತ ಹೇಳಿದ್ರೆ ಸುಳ್ಳಾಗುತ್ತೆ. ಸಿಪ್ಪೆ ಉರಿಸೋದು ನಮ್ಮ ಆಲೆಮನೆಗಳಿಗೆ ಮೊದಲಿಂದಲೂ ಗೊತ್ತು. ಗಾಣದಲ್ಲಿ ಹಿಂಡಿದ ಸಿಪ್ಪೆಯನ್ನ ಬಿಸಿಲಿಗೆ ಒಣಗಿಸಿ ಅದರಿಂದಲೇ ಕೊಪ್ಪರಿಗೆ ಕೆಳಗೆ ಬೆಂಕಿ ಹಾಕ್ತಾರೆ. ಸಕ್ಕರೆ ಕಾರ್ಖಾನೆ ಮಾಡಿದ್ದೂ ಅದನ್ನೇ, ದೊಡ್ಡ ಮಟ್ಟದಲ್ಲಿ. ಸಿಪ್ಪೆ ಬಾಯ್ಲರಿಗೆ ಹೋಗುತ್ತೆ, ಹಬೆ ಬರುತ್ತೆ. ಆ ಹಬೆ ಮೊದಲು ಮಿಲ್ಲಿನ ಎಂಜಿನ್, ಟರ್ಬೈನ್ ತಿರುಗಿಸುತ್ತೆ. ಅಲ್ಲಿ ಒತ್ತಡ ಕಳ್ಕೊಂಡು ಹೊರಗೆ ಬಂದ ಹಬೆ ಕಬ್ಬಿನ ಹಾಲು ಕುದಿಸೋಕೆ ಹೋಗುತ್ತೆ. ಒಂದೇ ಹಬೆಯಿಂದ ಎರಡು ಕೆಲಸ. ಸಹವಿದ್ಯುತ್ ಅಂತ ನಾವು ಈಗ ಕರೆಯೋದರ ಮೂಲ ತತ್ವ ಇಷ್ಟೇ.

ಹಳೇ ಕಾರ್ಖಾನೆಗಳಲ್ಲಿ ಬಾಯ್ಲರ್ ಒತ್ತಡ ಕಮ್ಮಿ ಇರ್ತಿತ್ತು, ದಕ್ಷತೆನೂ ಕಮ್ಮಿ. ಸಿಪ್ಪೆ ಮಿಕ್ಕಿದ್ರೆ ಇಡೋಕೆ ಜಾಗ ಇಲ್ಲ, ಬೆಂಕಿ ಭಯ ಬೇರೆ, ಹೊರಗೆ ಕರೆಂಟ್ ಮಾರೋಣ ಅಂದ್ರೆ ಕೊಳ್ಳೋರಿಲ್ಲ. ಹಾಗಾಗಿ ಎಲ್ಲಾ ಸಿಪ್ಪೆ ಉರಿದು ಮುಗಿದ್ರೆ ಸಾಕು ಅನ್ನೋ ಲೆಕ್ಕ. 1990ರ ದಶಕದಿಂದ ಈಚೆಗೆ ಗ್ರಿಡ್‌ಗೆ ವಿದ್ಯುತ್ ಮಾರೋ ದಾರಿ ತೆರೆದ ಮೇಲೆ ಲೆಕ್ಕ ಬದಲಾಯಿತು. 67, 87, 110 ಕೆಜಿ ಒತ್ತಡದ ಬಾಯ್ಲರುಗಳು ಬಂದವು. ಒತ್ತಡ, ಉಷ್ಣತೆ ಹೆಚ್ಚಿದ್ರೆ ಅದೇ ಸಿಪ್ಪೆಯಿಂದ ಜಾಸ್ತಿ ಕೆಲಸ ತೆಗೀಬಹುದು ಅನ್ನೋದು ರ‍್ಯಾಂಕಿನ್ ಸೈಕಲ್ ಓದಿದ ಎಲ್ಲರಿಗೂ ಗೊತ್ತು. ಇವತ್ತು ಬೆಳಗಾವಿ, ಬಾಗಲಕೋಟೆ ಕಡೆಯ ಹಲವು ಸಕ್ಕರೆ ಕಾರ್ಖಾನೆಗಳು ತಮ್ಮ ಬಳಕೆಗೆ ಆಗಿ ಮಿಕ್ಕಿದ್ದನ್ನ ಗ್ರಿಡ್‌ಗೆ ಕೊಡ್ತವೆ. ಮಂಡ್ಯದ ಮೈಷುಗರ್‌ನಲ್ಲೂ 30 ಮೆಗಾವಾಟ್ ಸಾಮರ್ಥ್ಯದ ಸಹವಿದ್ಯುತ್ ಘಟಕ ಕಟ್ಟಿದರು.

ನಮ್ಮ ಪ್ರಾಜೆಕ್ಟಿನ ಎರಡನೇ ಲೆಕ್ಕ ಇಲ್ಲೇ ಹುಟ್ಟಿತು. ಸಿಪ್ಪೆಯಲ್ಲಿ ಸುಮಾರು ಅರ್ಧ ನೀರು, ಹತ್ತಿರ ಹತ್ತಿರ ಅರ್ಧ ನಾರು, ಉಳಿದಿದ್ದು ಚೂರು ಸಕ್ಕರೆ. ಕಬ್ಬಿನಲ್ಲಿ ನಾರು 12% ಇದ್ರೆ ಒಂದು ಟನ್ ಕಬ್ಬಿಗೆ ಸುಮಾರು 250 ಕಿಲೋ ಸಿಪ್ಪೆ ಬರುತ್ತೆ. ನಾರು 14% ಇದ್ರೆ ಸುಮಾರು 290 ಕಿಲೋ. ದಿನಕ್ಕೆ 5000 ಟನ್ ಅರೆಯೋ ಕಾರ್ಖಾನೆಯಲ್ಲಿ ಈ ವ್ಯತ್ಯಾಸ ದಿನಕ್ಕೆ 200 ಟನ್ ಇಂಧನ. ಅಂದ್ರೆ ಟರ್ಬೈನ್ ಎಷ್ಟು ತಿರುಗಬೇಕು ಅನ್ನೋದನ್ನ ಕಂಟ್ರೋಲ್ ರೂಮಿಗಿಂತ ಮುಂಚೆ ತಳಿ ತೋಟದಲ್ಲಿ ಯಾರೋ ಒಬ್ಬರು ಅರ್ಧ ತೀರ್ಮಾನ ಮಾಡಿರ್ತಾರೆ. ನಾರು ಜಾಸ್ತಿ ಆದ್ರೆ ರಸ ಹಿಂಡೋದು ಕಷ್ಟ, ಸಕ್ಕರೆಗೂ ಪೆಟ್ಟು. ಯಾವುದನ್ನ ಎಷ್ಟು ಬಿಟ್ಟುಕೊಡಬೇಕು ಅನ್ನೋದು ಬಾಯ್ಲರ್ ಮನೆಯಲ್ಲಿ ಕೂತು ಹೇಳೋ ಮಾತಲ್ಲ.

ಇನ್ನೊಂದು ವಿಷಯ ಲೆಕ್ಕದ ಶೀಟಿನಲ್ಲಿ ಇರಲಿಲ್ಲ. ನಮ್ಮಲ್ಲೊಬ್ಬನ ತಾತ ಮಂಡ್ಯ ಜಿಲ್ಲೆಯ ಒಂದು ಹಳ್ಳಿಯಲ್ಲಿ ಕಬ್ಬು ಬೆಳೆಯೋರು. ದಸರಾ ರಜೆಗೆ ನಾವೆಲ್ಲ ಅಲ್ಲಿಗೆ ಹೋಗಿ ನಮ್ಮ ಪ್ರಾಜೆಕ್ಟ್ ಬಗ್ಗೆ ಜಂಬದಿಂದ ಹೇಳಿದ್ವಿ. ತಾತ ಎಲ್ಲಾ ಕೇಳಿ, ಒಂದು ವರ್ಷದ ಕಥೆ ಹೇಳಿದರು. ಆ ವರ್ಷ ಕಟಾವಿಗೆ ಆರ್ಡರ್ ಬರಲೇ ಇಲ್ಲ. ಕಬ್ಬು ಹೊಲದಲ್ಲೇ ಸೂಲಂಗಿ ಬಿಟ್ಟು ಒಣಗ್ತಾ ನಿಂತಿತ್ತು. ತೂಕ ಅರ್ಧಕ್ಕೆ ಇಳಿದ ಮೇಲೆ ಆಲೆಮನೆಗೆ ಸಿಕ್ಕಿದ ರೇಟಿಗೆ ಕೊಟ್ಟರು. ಅದರ ಹಿಂದಿನ ವರ್ಷದ ದುಡ್ಡು ಇನ್ನೂ ಪೂರ್ತಿ ಬಂದಿರಲಿಲ್ಲ. ಯಾವ ಕಾರ್ಖಾನೆ ಅನ್ನೋದು ಇಲ್ಲಿ ಮುಖ್ಯ ಅಲ್ಲ. ಮರುವರ್ಷ ಅವರು ಕಬ್ಬು ಬಿಟ್ಟು ಭತ್ತ ಹಾಕಿದರು. ಅಕ್ಕಪಕ್ಕದವರೂ ಹಾಕಿದರು. ನಾವು ತಾತನ ಮುಂದೆ ಸುಮ್ಮನೆ ಕೂತಿದ್ವಿ. ನಮ್ಮ ಶೀಟಿನಲ್ಲಿ ಸಿಪ್ಪೆಯ ಬೆಲೆ ಅನ್ನೋ ಜಾಗದಲ್ಲಿ ನಾವು ಸೊನ್ನೆ ಬರೆದಿದ್ದೆವು, ಯಾಕಂದ್ರೆ ಅದು ವೇಸ್ಟ್ ಅಲ್ವಾ. ಬೆಳೆದವರಿಗೆ ದುಡ್ಡು ಸಿಗದಿದ್ರೆ ಆ ವೇಸ್ಟೂ ಹುಟ್ಟಲ್ಲ ಅನ್ನೋದು ಅಲ್ಲೇ ತಲೆಗೆ ಹೋಗಿದ್ದು.

ಕೋಲ್ಮನ್ 1934ರಲ್ಲಿ ನಿವೃತ್ತರಾದರು. ಕಾರ್ಖಾನೆಯ ಗಾಣ ತಿರುಗೋಕೆ ಶುರುವಾದ ಹೊತ್ತಿಗೇ ಅವರು ಹೊರಟರು. ಕಾಲು ಶತಮಾನ ಈ ನೆಲದಲ್ಲಿ ಕಳೆದು ಕೆನಡಾಕ್ಕೆ ವಾಪಸ್ ಹೋದರು. ಅಲ್ಲೂ ಸುಮ್ಮನೆ ಕೂರಲಿಲ್ಲ, ಗಿಡಗಳಿಗೆ ಬರೋ ವೈರಸ್ ರೋಗಗಳ ಮೇಲೆ ಸಂಶೋಧನೆ ಮುಂದುವರಿಸಿದರು. 1954ರಲ್ಲಿ ತೀರಿಕೊಂಡರು. ಅವರು ಹೋದ ಮೇಲೆ 1939ರಲ್ಲಿ ಮಂಡ್ಯ ಜಿಲ್ಲೆಯಾಯಿತು. ಕಬ್ಬಿನ ತಳಿಗಳೂ ಬದಲಾದವು, ಕೊಯಮತ್ತೂರಿನ ಕೋ 419 ಬಂದು ಬಹಳ ಕಾಲ ಆಳಿತು. ಅವರು ಹಾಕಿಕೊಟ್ಟ ಸರದಿಯ ಲೆಕ್ಕ ಕಾಲ ಕಳೆದಂತೆ ಸಡಿಲ ಆಯಿತು. ಕಾವೇರಿ ನೀರು ಕಮ್ಮಿಯಾದ ವರ್ಷ ಅದರ ಬಿಸಿ ಎಲ್ಲರಿಗೂ ತಟ್ಟುತ್ತೆ. ಒಬ್ಬ ಮನುಷ್ಯ ಎಲ್ಲವನ್ನೂ ಸರಿ ಮಾಡಿ ಹೋದ ಅಂತ ನಾವು ಹೇಳ್ತಿಲ್ಲ. ಅವರು ಸಂಸ್ಥಾನದ ಅಧಿಕಾರಿ, ತೀರ್ಮಾನಗಳು ಮೇಲಿಂದ ಕೆಳಗೆ ಬರ್ತಿದ್ದ ಕಾಲ ಅದು. ಆದ್ರೂ ಕೊಳೆರೋಗಕ್ಕೆ ತೋಟಕ್ಕೇ ಹೋಗಿ ಉತ್ತರ ಹುಡುಕಿದ ಮನುಷ್ಯ ಸಕ್ಕರೆ ಕಾರ್ಖಾನೆಯನ್ನೂ ಹೊಲದಿಂದಲೇ ಶುರು ಮಾಡಿದರು ಅನ್ನೋದು ನಿಜ.

ನಮ್ಮ ಮಿನಿ ಪ್ರಾಜೆಕ್ಟ್ ಏನಾಯ್ತು ಅಂತ ಕೇಳ್ತೀರ? ಟೈಟಲ್ ಅದೇ ಇದೆ. ಬಾಯ್ಲರ್ ಮಾಡೆಲ್ ಬಿಟ್ಟೆವು. ಒಂದು ಸಹವಿದ್ಯುತ್ ಘಟಕಕ್ಕೆ ವರ್ಷದಲ್ಲಿ ಎಷ್ಟು ದಿನ ಸಿಪ್ಪೆ ಬರುತ್ತೆ, ತಳಿ ಬದಲಾದ್ರೆ, ಮಳೆ ಕೈ ಕೊಟ್ರೆ, ಕಬ್ಬಿನ ದುಡ್ಡು ಮೂರು ತಿಂಗಳು ತಡ ಆದ್ರೆ ಎಷ್ಟು ಯೂನಿಟ್ ಕಮ್ಮಿ ಆಗಬಹುದು ಅಂತ ಒಂದು ಸರಳ ಲೆಕ್ಕದ ಮಾಡೆಲ್ ಮಾಡಿದ್ವಿ. ಅಲ್ಲಿರೋ ಎಷ್ಟೋ ಅಂಕಿಗಳು ನಮ್ಮ ಅಂದಾಜು, ಹಾಗಂತ ರಿಪೋರ್ಟಿನಲ್ಲೇ ಬರೆದಿದ್ದೀವಿ. ಮಾರ್ಕ್ಸ್ ಸಾಧಾರಣವಾಗಿ ಬಂತು. ಆದ್ರೆ ಈ ಸಲ ಮೇಷ್ಟ್ರ ಪ್ರಶ್ನೆಗೆ ನಮ್ಮ ಹತ್ರ ಉತ್ತರ ಇತ್ತು.

ಬಾಶೆಟ್ಟಿಹಳ್ಳಿ ಗಾಡಿಯ ಅಣ್ಣನಿಗೂ ವಿಷಯ ಹೇಳಿದ್ವಿ. ಅವರು ಸಿಪ್ಪೆಯನ್ನ ಈಗ ಚೀಲಕ್ಕೆ ತುಂಬಿ ಪಕ್ಕದ ಊರಿನ ಹಸು ಸಾಕೋರಿಗೆ ಕೊಡ್ತಾರೆ. 20 ಕಿಲೋ ಸಿಪ್ಪೆಗೆ ಅದಕ್ಕಿಂತ ಒಳ್ಳೇ ಉಪಯೋಗ ನಮ್ಮ ಲೆಕ್ಕದಲ್ಲೂ ಇಲ್ಲ. ನೀವು ಮುಂದಿನ ಸಲ ಹೆಬ್ಬಾಳದ ಟ್ರಾಫಿಕ್ಕಲ್ಲಿ ನಿಂತಾಗ ಕಿಟಕಿಯಿಂದ ಕೃಷಿ ಕ್ಯಾಂಪಸ್ ಕಡೆ ಒಂದು ಸಲ ನೋಡಿ. ಮಂಡ್ಯದ ಕಬ್ಬಿನ ಕಥೆಯ ಒಂದು ತುಂಡು ಅಲ್ಲಿ ನೆಟ್ಟಿದ್ದು.